ಬೆನ್ನಟ್ಟದೆ ಕಾಡೊಂಟೆ ಹಿಡಿದದ್ದು

“1860ರಲ್ಲಿ ಇಂಡಿಯಾದಿಂದ ಒಂಟೆಗಳನ್ನು ಹಡಗು ಹತ್ತಿಸಿ ಕಳಿಸಿದವರು ನೀವೇ ಅಲ್ವಾ, ನೀನೇ ಹಿಡ್ಕೋ” ಅಂತ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಸುತ್ತಿನ ದನದ ಸ್ಟೇಷನ್‌ನವರು (ದೊಡ್ಡ ದನದ ಫಾರ್ಮಿನವರು) ನಗುತ್ತಿದ್ದರು. ಒಂಟೆ ತಾನಾಗಿ ದೊಡ್ಡಿಗೆ ಬರುತ್ತದೆ ಅಂದರೆ ಯಾರೂ ನಂಬಲಿಲ್ಲ. ಈಗ ಅವರೇ ಗೇಟಿನ ಅಳತೆ ಕೇಳುತ್ತಿದ್ದಾರೆ.

ಮೊದಲು ಹೆಲಿಕಾಪ್ಟರ್ ಬಾಡಿಗೆಗೆ ಹಿಡಿದು ಅಟ್ಟುತ್ತಿದ್ದೆ. ಗಂಟೆಗೆ 600 ಡಾಲರ್ ಹತ್ತಿರ. ಮರಳುದಿಬ್ಬದಲ್ಲಿ ಹಿಂಡು ಚೆದುರಿದರೆ ಅಷ್ಟೂ ನಷ್ಟ. ಲಾರಿಯದು ಇನ್ನೊಂದು ಗೋಳು. ದನದ ಎರಡಂತಸ್ತಿನ ಟ್ರೇಲರ್‌ನಲ್ಲಿ ಒಂಟೆ ನಿಲ್ಲುವುದಿಲ್ಲ. ಒಂದೇ ಅಂತಸ್ತು, ಬಾಡಿಗೆ ಮಾತ್ರ ಪೂರ್ತಿ. ಒಂಟೆ ಮಾರಿ ತಲೆಗೆ 200 ಡಾಲರ್ ಸಿಕ್ಕರೂ ಏನೂ ಉಳಿಯುತ್ತಿರಲಿಲ್ಲ.

ಆಮೇಲೆ ಬೋರ್‌ವೆಲ್ ತೊಟ್ಟಿ ಸುತ್ತ ದೊಡ್ಡಿ ಕಟ್ಟಿ ಸ್ಪಿಯರ್ ಗೇಟ್ ಹಾಕಿದೆ. ಎರಡೂ ಬದಿಯಿಂದ ಒಳಮುಖವಾಗಿ ಚಾಚಿದ ಈಟಿಯಂಥ ಕಂಬಿಗಳ ಗೇಟು ಅದು. ಮೀನು ಹಿಡಿಯುವ ಕೂಣಿ ಥರ, ಒಳಗೆ ದಾರಿ ಇದೆ, ಹೊರಗಿಲ್ಲ. ದನದ ಬೇಲಿಯನ್ನು ಎದೆಯಿಂದಲೇ ಒತ್ತಿ ಮಲಗಿಸಿದವು. ಕಬ್ಬಿಣದ ಪೈಪ್ ತಂದು 2 ಮೀಟರ್‌ವರೆಗೆ ಏರಿಸಿದೆ. ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಕಿತ್ತು ಟ್ಯಾಂಕ್ ನೀರೆಲ್ಲ ಮರಳಿಗೆ ಹರಿಸಿದವು. ಬಾಯಾರಿದ ಒಂಟೆ ಒಂದೇ ಸಲಕ್ಕೆ 100 ಲೀಟರ್ ಮೇಲೆ ಕುಡಿಯುತ್ತದೆ, ಟ್ಯಾಂಕ್ ಖಾಲಿಯಾದರೆ ಕೆಲಸ ಕೆಟ್ಟಿತು. ಮಳೆ ಬಿದ್ದು ಹಸಿರು ಚಿಗುರಿದರಂತೂ ತಿಂಗಳುಗಟ್ಟಲೆ ಇತ್ತ ಸುಳಿಯವು. ಒಂದಿಡೀ ಬೇಸಿಗೆ ಹಾಗೇ ಹೋಯಿತು. ಸಾಲ 30 ಸಾವಿರ ಡಾಲರ್ ದಾಟಿತು.

ಗುಟ್ಟು ಇರುವುದು ತಾಳ್ಮೆಯಲ್ಲಿ. ಮೊದಲ ವಾರಗಳು ಗೇಟ್ ಪೂರ್ತಿ ತೆರೆದಿಡಿ. ಆಮೇಲೆ ಈಟಿಗಳನ್ನು ಸ್ವಲ್ಪ ಸ್ವಲ್ಪ ಹತ್ತಿರ ತನ್ನಿ. ಎಷ್ಟು ಹತ್ತಿರ, ತುದಿಗೆ ಏನು ಸುತ್ತಬೇಕು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸುಮ್ನೆ ಕುತೂಹಲಕ್ಕೆ ಉಪ್ಪಿನ ಗಡ್ಡೆ ಇಟ್ಟು ನೋಡಿದೆ, ದನಗಳು ನೆಕ್ಕಿ ಮುಗಿಸಿದವು. ಕಾಕಂಬಿ ಇಟ್ಟರೆ ಇರುವೆ ಬಂತು. ಸಾಕಿದ ಎರಡು ಹೆಣ್ಣೊಂಟೆಗಳನ್ನು ಒಳಗೆ ಬಿಟ್ಟೆ ನೋಡಿ, ಅದೇ ಹಿಂಡು ಮರುದಿನವೇ ಒಳಗೆ!

ಗಂಡಿನ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಚಳಿಗಾಲದಲ್ಲಿ ಮದ ಬಂದು ನೊರೆ ಕಾರುತ್ತಿರುತ್ತದೆ, ಮನುಷ್ಯನನ್ನು ಕೆಡವಿ ಎದೆಯಡಿ ಅರೆದುಬಿಡುತ್ತದೆ. ನಾನು ಬೇಸಿಗೆಯಲ್ಲಷ್ಟೇ ಹಿಡಿಯುವುದಕ್ಕೆ ಅದೂ ಒಂದು ಕಾರಣ. ಆಗಲೂ ದೊಡ್ಡಿಗೆ ಕಾಲಿಡುವುದಿಲ್ಲ. ಹೊರಗಿನಿಂದ ಹಗ್ಗ ಎಳೆದರೆ ಒಳಗೇಟು ಮುಚ್ಚಬೇಕು, ಗಂಡು ಬೇರೆಯಾಗಬೇಕು.

ಈ ಸಲ ಲಾರಿ ಬಾಡಿಗೆ, ಡೀಸೆಲ್ ಕಳೆದು ತಲೆಗೆ 70-80 ಡಾಲರ್ ಉಳಿಯಿತು. ಪೈಪಿನ ಸಾಲದಲ್ಲಿ ಅರ್ಧ ತೀರಿದೆ.