ಹಳೆಯ ವಿಡಿಯೊ ಗೇಮ್‌ಗಳ ಸಂಗ್ರಹ: ಕೊಳ್ಳುವ ಮುನ್ನ ನೋಡಬೇಕಾದದ್ದು, ಕೊಂಡ ಮೇಲೆ ಮಾಡಬೇಕಾದದ್ದು

2021ರ ಜುಲೈ ತಿಂಗಳಿನಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಸಂಸ್ಥೆ ನಡೆಸಿದ ಒಂದೇ ಹರಾಜಿನಲ್ಲಿ ‘ದಿ ಲೆಜೆಂಡ್ ಆಫ್ ಝೆಲ್ಡಾ’ದ ಸೀಲ್ ಒಡೆಯದ ಪ್ರತಿಯೊಂದು 8,70,000 ಡಾಲರಿಗೆ ಮಾರಾಟವಾಯಿತು. ಎರಡು ದಿನ ಕಳೆಯುವಷ್ಟರಲ್ಲಿ ‘ಸೂಪರ್ ಮಾರಿಯೊ 64’ರ ಒಂದು ಪ್ರತಿ 15,60,000 ಡಾಲರಿಗೆ ಹೋಗಿ ಆ ದಾಖಲೆಯನ್ನು ಮುರಿಯಿತು. ಮರು ತಿಂಗಳು ‘ಸೂಪರ್ ಮಾರಿಯೊ ಬ್ರದರ್ಸ್’ನ ಪ್ರತಿಯೊಂದಕ್ಕೆ 20 ಲಕ್ಷ ಡಾಲರ್ ಬಂತು. ಇಂಥ ಸುದ್ದಿ ಓದಿದವರು ಅಟ್ಟದ ಮೇಲಿನ ಹಳೆಯ ಡಬ್ಬಗಳನ್ನು ಕೆಳಗಿಳಿಸುವುದು ಸಹಜ. ಆದರೆ 1996ರಲ್ಲಿ ಬಂದ ‘ಸೂಪರ್ ಮಾರಿಯೊ 64’ ಅಪರೂಪದ ಆಟವೇ ಅಲ್ಲ, ಅದರ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಹದಿನೈದು ಲಕ್ಷ ಡಾಲರ್ ಕೊಟ್ಟವರು ಕೊಂಡದ್ದು ಆ ಆಟವನ್ನಲ್ಲ; ಇಪ್ಪತ್ತೈದು ವರ್ಷ ಯಾರೂ ಮುಟ್ಟದೆ ಉಳಿದ ಒಂದು ರಟ್ಟಿನ ಪೆಟ್ಟಿಗೆಯನ್ನು, ಅದಕ್ಕೆ ಸುತ್ತಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮತ್ತು ಅವೆರಡಕ್ಕೂ ಸಿಕ್ಕ 9.8 ಎ++ ಎಂಬ ಗ್ರೇಡನ್ನು, ಅಂದರೆ ಸ್ಥಿತಿಯನ್ನು ಪರಿಶೀಲಿಸುವ ಸಂಸ್ಥೆ ಕೊಡುವ ದರ್ಜೆಯನ್ನು. ಸಂಗ್ರಹಕ್ಕೆ ಇಳಿಯುವವರು ಈ ವ್ಯತ್ಯಾಸವನ್ನು ಮೊದಲ ದಿನವೇ ಮನದಟ್ಟು ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಅದನ್ನೇ ಅವಲಂಬಿಸಿವೆ.

ಯಾವ ಮಾರುಕಟ್ಟೆಗೆ ಕಾಲಿಡುತ್ತಿದ್ದೀರಿ?

ಹಳೆಯ ಆಟಗಳಿಗೆ ಒಂದಲ್ಲ, ಮೂರು ಮಾರುಕಟ್ಟೆಗಳಿವೆ. ಬರಿಯ ಕಾರ್ಟ್ರಿಜ್ (ಆಟದ ಚಿಪ್ ಇರುವ ಪ್ಲಾಸ್ಟಿಕ್ ಡಬ್ಬಿ) ಅಥವಾ ಡಿಸ್ಕ್ ಮಾತ್ರ ಇರುವ ಬಿಡಿ ಪ್ರತಿಗಳದ್ದು ಒಂದು; ಪೆಟ್ಟಿಗೆ, ಕೈಪಿಡಿ ಮತ್ತು ಒಳಗಿನ ಚೀಟಿಗಳೆಲ್ಲ ಇರುವ ಪೂರ್ಣ ಪ್ರತಿಗಳದ್ದು ಇನ್ನೊಂದು; ಸೀಲ್ ಒಡೆಯದವುಗಳದ್ದು ಮೂರನೆಯದು. ಒಂದೇ ಆಟದ ಬೆಲೆ ಈ ಮೂರರಲ್ಲಿ ಹತ್ತು ಪಟ್ಟು, ನೂರು ಪಟ್ಟು ಬೇರೆಯಾಗಬಹುದು. ಆಡುವ ಆಸೆಯಿಂದ ಸಂಗ್ರಹಿಸುವವರಿಗೆ ಬಿಡಿ ಪ್ರತಿಗಳೇ ಸಾಕು. ನೋಡುವ, ಕೈಪಿಡಿ ತಿರುವಿ ಹಾಕುವ ಸುಖವೂ ಬೇಕೆನ್ನುವವರು ಪೂರ್ಣ ಪ್ರತಿಗಳನ್ನು ಹುಡುಕಬೇಕು. ಸೀಲ್ ಒಡೆಯದ ಪ್ರತಿಗಳ ಸಹವಾಸ ಆರಂಭದಲ್ಲಿ ಬೇಡವೆಂದೇ ನನ್ನ ಸಲಹೆ. ಅಲ್ಲಿ ತಪ್ಪಿನ ಬೆಲೆ ಬಹಳ ದುಬಾರಿ, ಜೊತೆಗೆ ಕೊಂಡ ವಸ್ತುವನ್ನು ತೆರೆದು ಪರೀಕ್ಷಿಸುವ ಹಕ್ಕನ್ನೇ ನೀವು ಬಿಟ್ಟುಕೊಟ್ಟಿರುತ್ತೀರಿ.

ಎಲ್ಲವನ್ನೂ ಸಂಗ್ರಹಿಸಲು ಹೊರಟವರು ಕೊನೆಗೆ ಯಾವುದನ್ನೂ ಪೂರ್ತಿಗೊಳಿಸದಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಆದ್ದರಿಂದ ಒಂದು ಕನ್ಸೋಲ್ (ಆಟ ಆಡುವ ಯಂತ್ರ), ಒಂದು ತಯಾರಕ ಸಂಸ್ಥೆ ಅಥವಾ ಒಂದು ಸರಣಿಯನ್ನು ಆರಿಸಿಕೊಳ್ಳಿ. ಆಡುವ ಉದ್ದೇಶವಿದ್ದರೆ ಒಂದು ಪ್ರದೇಶದ ಆಟ ಇನ್ನೊಂದು ಪ್ರದೇಶದ ಯಂತ್ರದಲ್ಲಿ ನಡೆಯುತ್ತದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಸಂಸ್ಥೆಯ ಕನ್ಸೋಲ್ ಫ್ಯಾಮಿಕಾಮ್‌ನ ಕಾರ್ಟ್ರಿಜ್‌ಗೆ 60 ಪಿನ್‌ಗಳಿವೆ. 1985ರಲ್ಲಿ ಅಮೆರಿಕಕ್ಕೆ ಬಂದ ಅದರ ಸೋದರ ಎನ್‌ಇಎಸ್‌ನ ಕಾರ್ಟ್ರಿಜ್‌ಗೆ 72, ಸಾಲದೆಂಬಂತೆ ಬೇರೆ ಪ್ರದೇಶದ ಆಟಗಳನ್ನು ತಡೆಯುವ ಚಿಪ್ ಬೇರೆ. ‘ಡಕ್ ಹಂಟ್’ನಂಥ ಬಂದೂಕಿನ ಆಟಗಳನ್ನು ಕೊಳ್ಳುವವರು ಹಳೆಯ ಪಿಕ್ಚರ್ ಟ್ಯೂಬ್ ಟಿವಿಯೊಂದನ್ನೂ ಹುಡುಕಿಕೊಳ್ಳಬೇಕು, ಏಕೆಂದರೆ ಆ ಬಂದೂಕು ಇಂದಿನ ಚಪ್ಪಟೆ ಪರದೆಗಳ ಮುಂದೆ ಕೆಲಸ ಮಾಡುವುದಿಲ್ಲ.

ಬೆಲೆಯನ್ನು ಓದುವ ಬಗೆ

ಮಾರುವವರು ಬರೆದುಕೊಂಡ ಬೆಲೆ ಅವರ ಆಸೆ ಮಾತ್ರ; ಮಾರಾಟ ಮುಗಿದ ಬೆಲೆಯೇ ನಿಜವಾದ ಬೆಲೆ. ಈಬೇ ತಾಣದಲ್ಲಿ ಮಾರಾಟವಾದವುಗಳನ್ನಷ್ಟೇ ತೋರಿಸುವ ಸೌಲಭ್ಯವಿದೆ. ಪ್ರೈಸ್‌ಚಾರ್ಟಿಂಗ್ ತಾಣ ಬಿಡಿ, ಪೂರ್ಣ ಮತ್ತು ಹೊಸ ಪ್ರತಿಗಳ ದರವನ್ನು ಬೇರೆ ಬೇರೆಯಾಗಿ ಕೊಡುತ್ತದೆ. ಒಂದು ಆಟದ ಕಡೆಯ ಹತ್ತು ಹದಿನೈದು ಮಾರಾಟಗಳನ್ನು ಗಮನಿಸಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬದಿಗಿಟ್ಟು, ಉಳಿದವುಗಳ ನಡುವೆ ನಿಮ್ಮ ಮಿತಿಯನ್ನು ಗುರುತಿಸಿಕೊಳ್ಳಿ.

ಹರಾಜಿನ ಮೊತ್ತವನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಸುದ್ದಿಯಲ್ಲಿ ಬರುವ ಅಂಕಿಯಲ್ಲಿ ಹರಾಜು ಸಂಸ್ಥೆ ಕೊಂಡವರಿಂದ ಪಡೆಯುವ ಶುಲ್ಕವೂ ಸೇರಿರುತ್ತದೆ. ‘ಸೂಪರ್ ಮಾರಿಯೊ 64’ರ ಮೇಲೆ ಕೂಗಿದ ಕೊನೆಯ ಸವಾಲು 13 ಲಕ್ಷ ಡಾಲರ್, ಅದರ ಮೇಲೆ ಶೇಕಡಾ 20ರಷ್ಟು ಶುಲ್ಕ ಕೂಡಿ 15.6 ಲಕ್ಷವಾಯಿತು. ನೀವು ನೂರು ಡಾಲರಿನ ಸವಾಲು ಕೂಗುವಾಗಲೂ ಇಂಥ ಶುಲ್ಕ ಸೇರಿಕೊಳ್ಳುತ್ತದೆ. ಶುಲ್ಕ, ಸಾಗಣೆ, ವಿಮೆ, ಸುಂಕ ಇವೆಲ್ಲವನ್ನೂ ಕೂಡಿಸಿ, ಒಟ್ಟು ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ನಿಮ್ಮ ಗರಿಷ್ಠ ಸವಾಲನ್ನು ಹರಾಜಿಗೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಹರಾಜಿನ ಕಡೆಯ ನಿಮಿಷದಲ್ಲಿ ಯಾರ ಲೆಕ್ಕವೂ ಸರಿಯಿರುವುದಿಲ್ಲ.

ಬೆಲೆ ಏರಲು ಕಾರಣವೇನೆಂಬುದನ್ನೂ ಬಿಡಿಸಿ ನೋಡಬೇಕು. ಕೆಲವು ಆಟಗಳು ನಿಜವಾಗಿಯೂ ಅಪರೂಪ. 1990ರ ನಿಂಟೆಂಡೊ ವರ್ಲ್ಡ್ ಚಾಂಪಿಯನ್‌ಶಿಪ್ಸ್ ಸ್ಪರ್ಧೆಗಾಗಿ ತಯಾರಾದ ಕಾರ್ಟ್ರಿಜ್‌ಗಳಲ್ಲಿ ಹೊರಗೆ ಹೋದವು ಬೂದು ಬಣ್ಣದವು 90, ಚಿನ್ನದ ಬಣ್ಣದವು 26 ಮಾತ್ರ. ಅವುಗಳಿಗೆ ಅಂಗಡಿಯ ಪೆಟ್ಟಿಗೆಯೇ ಇರಲಿಲ್ಲ, ಆದರೂ ಬಿಡಿಯಾಗಿಯೇ ಅವು ದುಬಾರಿ. 1987ರಲ್ಲಿ ಬಂಡಾಯ್ ಹೊರತಂದ ‘ಸ್ಟೇಡಿಯಂ ಇವೆಂಟ್ಸ್’ ಆಟವನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆದು, ಮರು ವರ್ಷ ನಿಂಟೆಂಡೊ ‘ವರ್ಲ್ಡ್ ಕ್ಲಾಸ್ ಟ್ರ್ಯಾಕ್ ಮೀಟ್’ ಎಂಬ ಹೊಸ ಹೆಸರಿನಲ್ಲಿ ಹೊರತಂದಿತು. ಒಳಗಿರುವುದು ಹೆಚ್ಚುಕಡಿಮೆ ಒಂದೇ ಆಟ, ಆದರೆ ಮೊದಲ ಹೆಸರಿಗೆ ಸಾವಿರಾರು ಡಾಲರ್, ಎರಡನೆಯ ಹೆಸರಿಗೆ ಒಂದು ಊಟದ ಖರ್ಚಿನಷ್ಟು. ಇನ್ನು ಕೆಲವದರಲ್ಲಿ ಆಟ ಸಾಮಾನ್ಯ, ಸ್ಥಿತಿ ಅಪರೂಪ. 2021ರ ಏಪ್ರಿಲ್‌ನಲ್ಲಿ 6,60,000 ಡಾಲರಿಗೆ ಹೋದ ‘ಸೂಪರ್ ಮಾರಿಯೊ ಬ್ರದರ್ಸ್’ ಪ್ರತಿಯನ್ನು 1986ರಲ್ಲಿ ಕ್ರಿಸ್‌ಮಸ್ ಉಡುಗೊರೆಗೆಂದು ಕೊಂಡು, ಮೇಜಿನ ಖಾನೆಯಲ್ಲಿಟ್ಟು ಮರೆತಿದ್ದರಂತೆ. ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟ ಅದು. ಮೂರನೆಯ ಗುಂಪಿನಲ್ಲಿ ಕಥೆಗೇ ಬೆಲೆ. ಅಟಾರಿಯ 1982ರ ‘ಇ.ಟಿ.’ ಆಟದ ಬಿಡಿ ಪ್ರತಿಯನ್ನು ಇಂದಿಗೂ ಯಾರೂ ತಿರುಗಿ ನೋಡುವುದಿಲ್ಲ. ಅದೇ ಆಟವನ್ನು ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಿಂದ 2014ರಲ್ಲಿ ಅಗೆದು ತೆಗೆದಾಗ, ಮಣ್ಣು ಮೆತ್ತಿದ ಪ್ರತಿಗಳಿಗೆ ಜನ ಮುಗಿಬಿದ್ದರು.

ಈ ಮೂರರಲ್ಲಿ ಎರಡನೆಯ ಗುಂಪೇ ಹೆಚ್ಚು ಅಪಾಯದ್ದು. ಕಾರಣ ಸರಳ: ದಾಖಲೆ ಬೆಲೆಯ ಸುದ್ದಿ ಹಬ್ಬಿದ ಕೂಡಲೇ ಖಾನೆಗಳಲ್ಲಿ ಮರೆತುಹೋಗಿದ್ದ ಇನ್ನಷ್ಟು ಪ್ರತಿಗಳು ಗ್ರೇಡಿಂಗಿಗೆ ಬರುತ್ತವೆ, ನಿನ್ನೆಯವರೆಗೆ ‘ಇಷ್ಟು ಉತ್ತಮ ಸ್ಥಿತಿಯಲ್ಲಿರುವುದು ಇದೊಂದೇ’ ಎನಿಸಿದ್ದಕ್ಕೆ ನಾಲ್ಕು ಜೊತೆಗಾರರು ಹುಟ್ಟಿಕೊಳ್ಳುತ್ತಾರೆ. 2021ರ ಆ ಏರುಗಾಲದ ನಂತರ ಗ್ರೇಡ್ ಮಾಡಿದ ಅನೇಕ ಸೀಲ್ ಪ್ರತಿಗಳ ಬೆಲೆ ಕುಸಿಯಿತು. ಗ್ರೇಡಿಂಗ್ ಸಂಸ್ಥೆಗಳು ತಾವು ಪರಿಶೀಲಿಸಿದ ಪ್ರತಿಗಳ ಎಣಿಕೆಯನ್ನು ಪ್ರಕಟಿಸಿದ್ದರೆ, ಅದನ್ನು ನೋಡದೆ ಸವಾಲು ಕೂಗಬೇಡಿ. ವಾಟಾ ಸಂಸ್ಥೆಯ ಪದ್ಧತಿಯಲ್ಲಿ ಅಂಕಿ ಪೆಟ್ಟಿಗೆಯ ಸ್ಥಿತಿಯನ್ನೂ ಅಕ್ಷರ ಸೀಲಿನ ಸ್ಥಿತಿಯನ್ನೂ ಹೇಳುತ್ತದೆ. ವಿಜಿಎ ಎಂಬ ಇನ್ನೊಂದು ಗ್ರೇಡಿಂಗ್ ಸಂಸ್ಥೆ ನೂರಕ್ಕೆ ಅಂಕ ಕೊಡುತ್ತದೆ. ಸೀಲ್ ಒಡೆಯದ ಪ್ರತಿಯ ಮಟ್ಟಿಗೆ ಈ ಎರಡೂ ಹೊರಗಿನ ಸ್ಥಿತಿಯ ಅಳತೆಗಳು. ಒಳಗಿನ ಆಟ ಇನ್ನೂ ನಡೆಯುತ್ತದೆಯೇ ಎಂಬುದಕ್ಕೆ ಅವು ಉತ್ತರವಲ್ಲ.

ಕಾರ್ಟ್ರಿಜ್ ಬಿಚ್ಚಿ ನೋಡುವುದು

ನಾನು ಮೊದಲ ವರ್ಷದಲ್ಲೇ ಮೋಸಹೋದೆ. ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ಗೇಮ್‌ಬಾಯ್ ಅಡ್ವಾನ್ಸ್‌ನ ‘ಪೊಕೆಮಾನ್ ಎಮರಾಲ್ಡ್’ ಕಾರ್ಟ್ರಿಜ್ ಒಂದನ್ನು ಮಾರುಕಟ್ಟೆಗಿಂತ ತುಸುವೇ ಕಡಿಮೆ ಬೆಲೆಗೆ ಕೊಂಡು, ಹತ್ತಾರು ಗಂಟೆ ಆಡಿ ಚಾಂಪಿಯನ್ ಆದ ಮರುದಿನ ನೋಡಿದರೆ ಉಳಿಸಿದ ಆಟ ಮಾಯವಾಗಿತ್ತು. ಬೆಲೆ ತೀರಾ ಕಡಿಮೆಯಿದ್ದಿದ್ದರೆ ಅನುಮಾನವಾದರೂ ಬರುತ್ತಿತ್ತು. ನಕಲಿ ಮಾರುವವರಿಗೆ ಅದು ಚೆನ್ನಾಗಿ ಗೊತ್ತು. ಆಮೇಲೆ ಅಸಲಿ ಪ್ರತಿಯ ಪಕ್ಕದಲ್ಲಿಟ್ಟು ಹೋಲಿಸಿದಾಗ ಗುರುತುಗಳು ಎದ್ದು ಕಂಡವು. ಅಸಲಿಯ ಲೇಬಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಾಗದದೊಳಗೆ ಒತ್ತಿದ ಎರಡಂಕಿಯ ಸಂಖ್ಯೆಯೊಂದು ಕಾಣುತ್ತದೆ. ಕೆಳಗಿನ ಬಾಯಿಯೊಳಗೆ, ಚಿನ್ನದ ಬಣ್ಣದ ಸಂಪರ್ಕಪಟ್ಟಿಗಳ ಮೇಲಂಚಿನಲ್ಲಿ, ನಿಂಟೆಂಡೊ ಎಂಬ ಸಣ್ಣ ಅಕ್ಷರಗಳಿರುತ್ತವೆ. ನನ್ನದರಲ್ಲಿ ಇವೆರಡೂ ಇರಲಿಲ್ಲ.

ಅಂದಿನಿಂದ, ತೆರೆಯಬಹುದಾದ ಯಾವ ಕಾರ್ಟ್ರಿಜ್ಜನ್ನೂ ತೆರೆಯದೆ ಕಪಾಟಿಗೆ ಸೇರಿಸುವುದಿಲ್ಲ. ನಿಂಟೆಂಡೊದ ಹೆಚ್ಚಿನ ಹಳೆಯ ಕಾರ್ಟ್ರಿಜ್‌ಗಳ ಸ್ಕ್ರೂಗಳಿಗೆ ಮಾಮೂಲಿ ಸ್ಕ್ರೂಡ್ರೈವರ್ ಹೊಂದುವುದಿಲ್ಲ, 3.8 ಮಿಲಿಮೀಟರಿನ ಗೇಮ್‌ಬಿಟ್ ಎಂಬ ವಿಶೇಷ ಬಿಟ್ ಬೇಕು. ಅದರ ಹಲವು ಕನ್ಸೋಲ್‌ಗಳನ್ನು ಬಿಚ್ಚಲು 4.5 ಮಿಲಿಮೀಟರಿನದು. ಎನ್‌ಇಎಸ್‌ನ ಆರಂಭಿಕ ಕಾರ್ಟ್ರಿಜ್‌ಗಳಿಗೆ ಮಾಮೂಲಿ ಗೀರಿನ ಐದು ಸ್ಕ್ರೂಗಳಿದ್ದವು, ನಂತರದವುಗಳಿಗೆ ಮೂರು. ಮೊದಲ ತಯಾರಿಕೆಯ ಪ್ರತಿಗಳನ್ನು ಹುಡುಕುವವರಿಗೆ ಇದೂ ಒಂದು ಸುಳಿವು. ಹೊರಗಿನ ಪ್ಲಾಸ್ಟಿಕ್ ಕವಚ ತೆರೆದ ಮೇಲೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ತಯಾರಕರ ಹೆಸರು ಮತ್ತು ವರ್ಷ ಅಚ್ಚಾಗಿದೆಯೇ, ಚಿಪ್‌ನ ಮೇಲಿನ ಸಂಕೇತ ಹೊರಗಿನ ಲೇಬಲ್‌ನ ಸಂಕೇತಕ್ಕೆ ಹೊಂದುತ್ತದೆಯೇ ನೋಡಿ. ಚಿಪ್ ಇರಬೇಕಾದಲ್ಲಿ ಕಪ್ಪು ಅಂಟಿನ ಗುಡ್ಡೆಯಿದ್ದರೆ ಅನುಮಾನಿಸಿ, ಆದರೆ ಅದೊಂದರಿಂದಲೇ ತೀರ್ಪು ಕೊಡಬೇಡಿ, ಏಕೆಂದರೆ ಕೆಲವು ಅಸಲಿ ಬೋರ್ಡ್‌ಗಳಲ್ಲೂ ಆ ವಿಧಾನ ಬಳಸಿದ್ದಾರೆ. ಅದೇ ಆಟದ ಅಸಲಿ ಬೋರ್ಡಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುವುದೇ ಸರಿಯಾದ ಕ್ರಮ. ದೂರದಿಂದ ಕೊಳ್ಳುವಾಗ ಬೋರ್ಡಿನ ಚಿತ್ರ ಕೇಳಿ. ದುಬಾರಿ ಆಟದ ಮಾರಾಟಗಾರರು ಅದಕ್ಕೆ ಒಪ್ಪದಿದ್ದರೆ ಆ ವ್ಯವಹಾರವನ್ನು ಅಲ್ಲಿಗೇ ಬಿಟ್ಟುಬಿಡಿ.

ಸೀಲ್ ಪ್ರತಿಗಳಲ್ಲಿ ಇಂಥ ಪರೀಕ್ಷೆ ಸಾಧ್ಯವಿಲ್ಲದ ಕಾರಣ ಪ್ಲಾಸ್ಟಿಕ್ ಹಾಳೆಯನ್ನೇ ಓದಬೇಕಾಗುತ್ತದೆ. ನಿಂಟೆಂಡೊ ಸ್ವತಃ ಸುತ್ತಿದ ಅನೇಕ ಎನ್‌ಇಎಸ್ ಪೆಟ್ಟಿಗೆಗಳ ಹಿಂಬದಿಯಲ್ಲಿ ಹಾಳೆ ಕೂಡುವ ಅಡ್ಡಗೆರೆಯೊಂದಿರುತ್ತದೆ. ಪೆಟ್ಟಿಗೆಗೆ ಇಂಥ ಪ್ಲಾಸ್ಟಿಕ್ ಹಾಳೆ ಸುತ್ತುವ ಶ್ರಿಂಕ್ ರ‍್ಯಾಪ್ ಯಂತ್ರ ಯಾರ ಬಳಿ ಬೇಕಾದರೂ ಇರಬಹುದು. ಆದರೆ ಆ ಕಾಲದ, ಆ ತಯಾರಕರ ಮಡಿಕೆಯನ್ನು ಹಾಗೆಯೇ ಮರುಸೃಷ್ಟಿಸುವುದು ಸುಲಭವಲ್ಲ. ಹಾಳೆ ಹೊಸದಾಗಿ ಹೊಳೆಯುತ್ತಿದ್ದು ಅದರ ಕೆಳಗಿನ ರಟ್ಟಿನ ಮೂಲೆಗಳು ಸವೆದಿದ್ದರೆ, ಪೆಟ್ಟಿಗೆ ಮೊದಲು ಬಳಕೆಯಾಗಿ ಆಮೇಲೆ ಸೀಲ್ ಆಗಿದೆ ಎಂದೇ ಅರ್ಥ.

ಉಳಿಸಿಕೊಳ್ಳುವುದು

ಸಂಪರ್ಕಪಟ್ಟಿಗಳನ್ನು ಶುಚಿಗೊಳಿಸಲು ಶೇಕಡಾ 90ಕ್ಕಿಂತ ಗಾಢವಾದ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಕಡ್ಡಿ ಸಾಕು. ಹತ್ತಿ ಕಪ್ಪಾಗುವುದು ನಿಲ್ಲುವವರೆಗೂ ಒರೆಸಿ, ಪೂರ್ತಿ ಆರಿದ ಮೇಲೆ ಕನ್ಸೋಲ್‌ಗೆ ಹಾಕಿ. ಲೋಹಕ್ಕೆ ಹೊಳಪು ಕೊಡುವ ಪಾಲಿಶ್‌ಗಳು ತೆಳುವಾದ ಚಿನ್ನದ ಲೇಪವನ್ನೇ ಕೆರೆದು ಹಾಕುತ್ತವೆ. ಎಲ್ಲರೂ ಬಾಲ್ಯದಲ್ಲಿ ಮಾಡಿದಂತೆ ಬಾಯಿಯಿಂದ ಊದುವುದೂ ಬೇಡ. ಉಸಿರಿನ ತೇವದಿಂದ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಊದಿದಾಗ ಆಟ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಕಾರ್ಟ್ರಿಜ್ಜನ್ನು ತೆಗೆದು ಮತ್ತೆ ಹಾಕಿದ್ದರಿಂದ.

‘ಝೆಲ್ಡಾ’ದಂಥ, ಆಟವನ್ನು ಉಳಿಸುವ ಸೌಲಭ್ಯವಿದ್ದ ಅನೇಕ ಕಾರ್ಟ್ರಿಜ್‌ಗಳೊಳಗೆ ನಾಣ್ಯದ ಆಕಾರದ ಬ್ಯಾಟರಿಯೊಂದಿದೆ; ‘ಝೆಲ್ಡಾ’ದಲ್ಲಿರುವುದು ಸಿಆರ್2032. ಅದು ಸತ್ತರೆ ಆಟ ಆರಂಭವಾಗುತ್ತದೆ, ಉಳಿಸಿದ್ದು ಮಾತ್ರ ಅಳಿಸಿಹೋಗುತ್ತದೆ. ಬದಲಿಸುವಾಗ ಲೋಹದ ಪಟ್ಟಿ ಮೊದಲೇ ಬೆಸೆದಿರುವ ಬ್ಯಾಟರಿಯನ್ನೇ ತನ್ನಿ. ಬ್ಯಾಟರಿಯ ಮೈಗೆ ನೇರವಾಗಿ ಸೋಲ್ಡರ್ ಕಾವು ಕೊಡುವುದು ಅಪಾಯ. ಹಳೆಯದನ್ನು ತೆಗೆದ ಕ್ಷಣ ಕಾರ್ಟ್ರಿಜ್‌ನಲ್ಲಿ ಉಳಿಸಿದ್ದ ಆಟ ಹೋಗುತ್ತದೆ. ನನಗೆ ಸಿಕ್ಕ ಒಂದು ಪ್ರತಿಯಲ್ಲಿ ಮೂವರು ಮಕ್ಕಳ ಹೆಸರುಗಳು ಮೂರು ಸಾಲಿನಲ್ಲಿದ್ದವು. ಮೂರನೆಯವರು ಆಟದ ಆರಂಭದಲ್ಲೇ ನಿಲ್ಲಿಸಿದ್ದರು. ಆ ಬ್ಯಾಟರಿಯನ್ನು ಬದಲಿಸಲು ನನಗೆ ಇನ್ನೂ ಮನಸ್ಸಾಗಿಲ್ಲ.

ಕನ್ಸೋಲ್‌ಗಳಲ್ಲಿ, ವಿದ್ಯುತ್ತನ್ನು ಹಿಡಿದಿಡುವ ಕೆಪ್ಯಾಸಿಟರ್‌ಗಳೇ ಮೊದಲು ಕೈಕೊಡುವ ಭಾಗಗಳು. ಸೆಗಾದ ಗೇಮ್ ಗೇರ್‌ನಲ್ಲಿ ಅವು ಸೋರಿ ಧ್ವನಿ ಕ್ಷೀಣಿಸುತ್ತದೆ, ಪರದೆ ಮಂಕಾಗುತ್ತದೆ. 2001ರ ಮೊದಲ ಎಕ್ಸ್‌ಬಾಕ್ಸ್‌ನ ಬಹುತೇಕ ಪ್ರತಿಗಳಲ್ಲಿ ಗಡಿಯಾರದ ಕೆಪ್ಯಾಸಿಟರ್ ಸೋರಿ ಬೋರ್ಡನ್ನೇ ತಿನ್ನುತ್ತದೆ. ಬಳಸದೆ ಇಟ್ಟರೂ ಇವು ಹಾಳಾಗುತ್ತವೆ, ಹಾಗಾಗಿ ‘ಪೆಟ್ಟಿಗೆಯಿಂದ ಹೊರತೆಗೆದೇ ಇಲ್ಲ’ ಎಂಬ ಹೊಗಳಿಕೆ ಯಂತ್ರದ ಆರೋಗ್ಯಕ್ಕೆ ಸಾಕ್ಷಿಯಾಗದು. ಪೆಟ್ಟಿಗೆಗಳಿಗೆ ಬಿಸಿಲು ಮತ್ತು ತೇವವೇ ಶತ್ರುಗಳು. ಒಂದರ ಮೇಲೊಂದು ಪೇರಿಸಬೇಡಿ, ಕಿಟಕಿಯ ಎದುರು ಇಡಬೇಡಿ, ರಕ್ಷಾಕವಚ ಕೊಳ್ಳುವಾಗ ಪಿವಿಸಿ ಬಿಟ್ಟು ಪಿಇಟಿ ಪ್ಲಾಸ್ಟಿಕ್‌ನದನ್ನು ಆರಿಸಿ.

ಪ್ರತಿ ವಸ್ತುವಿಗೂ ಒಂದು ಪುಟದ ದಾಖಲೆ ಇಟ್ಟುಕೊಳ್ಳಿ. ಕೊಂಡ ದಿನಾಂಕ, ಶುಲ್ಕ ಸೇರಿ ಕೊಟ್ಟ ಒಟ್ಟು ಹಣ, ಬೋರ್ಡಿನ ಎರಡೂ ಬದಿಯ ಚಿತ್ರ, ಬ್ಯಾಟರಿ ಬದಲಿಸಿದ ವರ್ಷ ಇವಿಷ್ಟು ಅದರಲ್ಲಿರಲಿ. ವಿಮೆ ಮಾಡಿಸುವಾಗ ಈ ಪುಟವೇ ಆಧಾರ; ಮಾರುವ ಕಾಲ ಬಂದಾಗ, ಕೊಳ್ಳುವವರು ಬೋರ್ಡಿನ ಚಿತ್ರ ಕೇಳಿದರೆ ಸ್ಕ್ರೂ ಬಿಚ್ಚದೆಯೇ ಕಳುಹಿಸಬಹುದು.