ಬಯೋಡೀಸೆಲ್ ಡ್ರಮ್ಮಿನ ತಳದ ಗ್ಲಿಸರಿನ್: ಏನೇನಕ್ಕೆ ಬಂತು, ಏನಕ್ಕೆ ಬರಲಿಲ್ಲ

ಎಣ್ಣೆಯಿಂದ ಬಯೋಡೀಸೆಲ್ ಮಾಡಿದಾಗ ಡ್ರಮ್ಮಿನ ತಳದಲ್ಲಿ ನಿಲ್ಲುವ ಗ್ಲಿಸರಿನ್ ಯಾವ ಕೆಲಸಕ್ಕೆ ಆದೀತು ಅನ್ನುವುದು ಕ್ಯಾಟಲಿಸ್ಟ್ (ಎಣ್ಣೆ, ಮೆಥನಾಲ್ ಬೆರೆತು ಡೀಸೆಲ್ ಆಗುವಂತೆ ಮಾಡುವ ಕ್ಷಾರ) ಕೊಳ್ಳುವ ದಿನವೇ ತೀರ್ಮಾನವಾಗಿರುತ್ತದೆ. ಕಾಸ್ಟಿಕ್ ಸೋಡಾ ಅಗ್ಗ, ನಿಜ. ಆದರೆ ಚಳಿಗಾಲದ ಬೆಳಿಗ್ಗೆ ಗ್ಲಿಸರಿನ್ ಹೆಪ್ಪುಗಟ್ಟಿ ಡ್ರಮ್ಮಿನ ವಾಲ್ವ್ ಕಟ್ಟುತ್ತದೆ. ಅದರಲ್ಲಿರುವ ಸೋಡಿಯಂ ಮಣ್ಣಿಗೂ ಆಗದು, ಗೋಬರ್ ಗ್ಯಾಸ್ ಗುಂಡಿಗೂ ಆಗದು. ಕಾಸ್ಟಿಕ್ ಪೊಟ್ಯಾಷ್ ಹಾಕಿದರೆ ಗ್ಲಿಸರಿನ್ ದ್ರವವಾಗಿಯೇ ಇರುತ್ತದೆ. ಮುಂದೆ ಬರೆದಿರುವುದೆಲ್ಲ ಪೊಟ್ಯಾಷ್ ಲೆಕ್ಕ.

ಕರಿದ ಎಣ್ಣೆ 100 ಲೀಟರ್, ಮೆಥನಾಲ್ 20 ಲೀಟರ್, ಟೈಟ್ರೇಷನ್ (ಎಣ್ಣೆಯಲ್ಲಿ ಹುಳಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ನೋಡಿಕೊಂಡು ಪೊಟ್ಯಾಷ್ 800ರಿಂದ 1000 ಗ್ರಾಂ. ಇಷ್ಟಕ್ಕೆ ತಳದಲ್ಲಿ 15ರಿಂದ 18 ಲೀಟರ್ ಕಂದು ದ್ರವ ಸಿಗುತ್ತದೆ. ಹೆಸರಿಗೆ ಗ್ಲಿಸರಿನ್, ಅದರಲ್ಲಿ ಅರ್ಧದಷ್ಟೇ ಗ್ಲಿಸರಿನ್, ಉಳಿದದ್ದು ಸೋಪು, ಪೊಟ್ಯಾಷ್, ಮತ್ತೆ ಉಳಿಕೆ ಮೆಥನಾಲಿನ ದೊಡ್ಡ ಪಾಲು.

ಮೆಥನಾಲ್ ತೆಗೆಯದೆ ಯಾವುದಕ್ಕೂ ಕೈ ಹಾಕಬೇಡಿ. ಅದರ ಆವಿ ವಿಷ, ಹಗಲಲ್ಲಿ ಅದರ ಉರಿ ಕಣ್ಣಿಗೇ ಬೀಳುವುದಿಲ್ಲ. ಸೌದೆ ಒಲೆಯೂ ಬೇಡ, ಗ್ಯಾಸ್ ಒಲೆಯೂ ಬೇಡ. ಎಲೆಕ್ಟ್ರಿಕ್ ಹೀಟರ್ ಇರುವ ಮುಚ್ಚಿದ ಸ್ಟೀಲ್ ಪಾತ್ರೆ, ತಣ್ಣೀರು ಹರಿಯುವ ಕಂಡೆನ್ಸರ್, ಶೆಡ್ಡಿನ ಹೊರಗಿಟ್ಟ ಕ್ಯಾನು. ಆವಿ ಹೋಗುವ ದಾರಿಯಲ್ಲಿ ಎಲ್ಲೂ ವಾಲ್ವ್ ಇರಕೂಡದು. ಅಲ್ಯೂಮಿನಿಯಂ ಪಾತ್ರೆಯನ್ನು ಪೊಟ್ಯಾಷ್ ತಿಂದುಹಾಕುತ್ತದೆ. ಪಾತ್ರೆಯನ್ನು ಅರ್ಧ ಮಾತ್ರ ತುಂಬಬೇಕು, ಯಾಕೆಂದರೆ ಸೋಪಿನಿಂದಾಗಿ ಹಾಲು ಉಕ್ಕಿದ ಹಾಗೆ ನೊರೆ ಏರಿ ಕಂಡೆನ್ಸರಿಗೆ ನುಗ್ಗುತ್ತದೆ. 65 ಡಿಗ್ರಿ ದಾಟಿದ ಮೇಲೆ ಹನಿ ಬೀಳಲು ಶುರು. ಮೆಥನಾಲ್ ಕಡಿಮೆಯಾದಂತೆ ದ್ರವದ ಬಿಸಿ ಏರುತ್ತಾ ಹೋಗುತ್ತದೆ. 105ಕ್ಕೆ ನಿಲ್ಲಿಸಿ, ಆಮೇಲೆ ಬರುವುದು ಹೆಚ್ಚಾಗಿ ನೀರು. ಒಂದು ಬ್ಯಾಚಿನಿಂದ 3-4 ಲೀಟರ್ ಮರಳಿ ಸಿಗುತ್ತದೆ. ಹೈಡ್ರೋಮೀಟರ್ ಇಳಿಬಿಟ್ಟು ನೋಡಿ: 30 ಡಿಗ್ರಿಯಲ್ಲಿ ಶುದ್ಧ ಮೆಥನಾಲಿನ ಸಾಂದ್ರತೆ 0.78. ಅದು 0.80 ದಾಟಿದರೆ ನೀರು ಸೇರಿದೆ ಅಂತ ಅರ್ಥ. ಅದನ್ನು ಮುಂದಿನ ಬ್ಯಾಚಿಗೆ ಸುರಿದರೆ ಡೀಸೆಲ್ ಬದಲು ಸೋಪೇ ಜಾಸ್ತಿ.

ನನ್ನ ಮಟ್ಟಿಗೆ ಗ್ಲಿಸರಿನ್ ಅತಿ ಹೆಚ್ಚು ಖರ್ಚಾಗುವುದು ಗ್ಯಾರೇಜಿನ ಗ್ರೀಸ್ ಕೈ ತೊಳೆಯುವ ಮೆತ್ತನೆ ಸೋಪಿಗೆ. ಲೀಟರಿಗೆ ಇಂತಿಷ್ಟೇ ಪೊಟ್ಯಾಷ್ ಅನ್ನುವ ಸಿದ್ಧ ಲೆಕ್ಕ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಎಷ್ಟು ಕೊಬ್ಬು ಆಗಲೇ ಸೋಪಾಗಿದೆ ಅನ್ನುವುದು ಬ್ಯಾಚಿಗೊಂದು ಥರ. ಮೂರು ಸ್ಟೀಲ್ ಡಬ್ಬಿಗಳಲ್ಲಿ ಒಂದೊಂದು ಲೀಟರ್ ಗ್ಲಿಸರಿನ್ ತೆಗೆದುಕೊಂಡು 15, 25, 35 ಗ್ರಾಂ ಪೊಟ್ಯಾಷನ್ನು ತಲಾ 200 ಮಿಲಿ ನೀರಿನಲ್ಲಿ ಕರಗಿಸಿ ಹಾಕಿ (ಪೊಟ್ಯಾಷನ್ನು ನೀರಿಗೆ ಹಾಕುವುದು, ನೀರನ್ನು ಪೊಟ್ಯಾಷಿಗಲ್ಲ, ಕನ್ನಡಕ, ಗ್ಲೌಸ್ ಇರಲಿ). 80 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ. ಮರುದಿನ ಒಂದು ಚಮಚ ಬಿಸಿ ಮಳೆನೀರಿಗೆ ಹಾಕಿದಾಗ ಮೇಲೆ ಎಣ್ಣೆ ಪದರ ತೇಲಿದರೆ ಪೊಟ್ಯಾಷ್ ಸಾಲದು. ಪಿಎಚ್ 10 ದಾಟಿದರೆ ಹೆಚ್ಚಾಯಿತು, ಕೈ ಉರಿಯುತ್ತದೆ. 9-10ರ ನಡುವೆ ನಿಂತ ಡಬ್ಬಿಯ ಅಳತೆಯಲ್ಲಿ ಉಳಿದದ್ದನ್ನು ಮಾಡಿ, ಒಂದು ತಿಂಗಳು ಹಾಗೇ ಬಿಡಿ. ಗಡಸು ಬೋರ್ ನೀರಿನಲ್ಲಿ ಸೋಪು ಮೊಸರೊಡೆದಂತೆ ಒಡೆಯುತ್ತದೆ; ತಯಾರಿಕೆಗೂ ಪರೀಕ್ಷೆಗೂ ಮಳೆನೀರೇ ವಾಸಿ. ಹೊಂಗೆ ಎಣ್ಣೆಯ ಬ್ಯಾಚಿನದ್ದಾದರೆ ಬಣ್ಣ ಗಾಢ, ವಾಸನೆಯೂ ಇರುತ್ತದೆ. ಸುಗಂಧ ಹಾಕಿ ಮುಚ್ಚುವ ಪ್ರಯತ್ನ ದಂಡ.

ಸೋಪು ಬೇಡವೆಂದರೆ ಫಾಸ್ಫಾರಿಕ್ ಆಮ್ಲ ಹಾಕಿ ಒಡೆಯಬಹುದು. ಇದಕ್ಕೆ ಕ್ರಮ ತಿರುಗಮುರುಗ: ಮೊದಲು ಆಮ್ಲ, ಆಮೇಲೆ ಮೆಥನಾಲ್ ತೆಗೆಯುವುದು. ಸೋಪೇ ಹೋದ ಮೇಲೆ ನೊರೆಯ ಕಾಟವೂ ಹೋಗುತ್ತದೆ. ಬೆಂಕಿಯಿಂದ ದೂರ, ಬಯಲಲ್ಲಿ, ಸ್ವಲ್ಪಸ್ವಲ್ಪವೇ ಆಮ್ಲ ಹಾಕಿ ಕಲಕುತ್ತಾ ಪಿಎಚ್ 4.5ಕ್ಕೆ ತನ್ನಿ. ಮೊದಲು 100 ಮಿಲಿಯಲ್ಲಿ ಮಾಡಿ ನೋಡಿದರೆ ಆಮ್ಲದ ಲೆಕ್ಕ ಸಿಗುತ್ತದೆ. ಒಂದೆರಡು ದಿನ ಬಿಟ್ಟರೆ ಮೂರು ಪದರ: ಮೇಲೆ ಕಪ್ಪು ಕೊಬ್ಬಿನಾಮ್ಲ, ನಡುವೆ ಗ್ಲಿಸರಿನ್, ತಳದಲ್ಲಿ ಪೊಟ್ಯಾಸಿಯಂ ಫಾಸ್ಫೇಟಿನ ಬಿಳಿ ಬಗ್ಗಡ. ಬಗ್ಗಡವನ್ನು ಸೋಸಿ, ಮೆಥನಾಲ್ ಪೂರ್ತಿ ಆರಿದ ಮೇಲೆ ಕಾಂಪೋಸ್ಟಿಗೆ ಬೆರೆಸಿದರೆ ಪೊಟ್ಯಾಸಿಯಂ, ರಂಜಕ ಎರಡೂ ಗಿಡಕ್ಕೆ ಸಿಗುತ್ತವೆ.

ಮೆಥನಾಲ್ ಹೋದ, ಪಿಎಚ್ 7ರ ಹತ್ತಿರಕ್ಕೆ ತಂದ ಗ್ಲಿಸರಿನ್ ಗೋಬರ್ ಗ್ಯಾಸಿಗೆ ಒಳ್ಳೆಯ ಮೇವು. ಒಂದು ಕಿಲೋ ಶುದ್ಧ ಗ್ಲಿಸರಿನ್‌ನಿಂದ ಲೆಕ್ಕದ ಪ್ರಕಾರ 0.42 ಘನ ಮೀಟರ್ ಮೀಥೇನ್ ಬರಬೇಕು. ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಹಾಕುವ ಗುಂಡಿಗೆ ಕಾಲು ಲೀಟರಿನಿಂದ ಆರಂಭಿಸಿ, ವಾರಕ್ಕೊಮ್ಮೆ ಕಾಲು ಲೀಟರಿನಂತೆ ಏರಿಸಿ ಒಂದು ಲೀಟರಿಗೆ ನಿಲ್ಲಿಸಬೇಕು. ದುರಾಸೆ ಪಟ್ಟರೆ ಗುಂಡಿ ಹುಳಿಯಾಗುತ್ತದೆ: ಹೊರಬರುವ ಸ್ಲರಿಯಲ್ಲಿ ಹುಳಿ ವಾಸನೆ, ನೊರೆ, ಒಲೆ ಹಚ್ಚಿದರೆ ಉರಿ ಹಾರಿಹೋಗುತ್ತದೆ. ಆಗ ಗ್ಲಿಸರಿನ್ ನಿಲ್ಲಿಸಿ, ಕೆಲವು ದಿನ ಬರೀ ಸಗಣಿ ನೀರನ್ನೇ ಹಾಕಿ, ಅದೂ ಎಂದಿಗಿಂತ ಕಡಿಮೆ.

ದನಕ್ಕೆ ಕುಡಿಸಬೇಡಿ. ಮರದ ಹೊಟ್ಟಿಗೆ ಬೆರೆಸಿ ಒಲೆಗೆ ಹಾಕುವುದೂ ಬೇಡ: ಮಂದ ಉರಿಯಲ್ಲಿ ಗ್ಲಿಸರಿನ್ ಒಡೆದು ಅಕ್ರೋಲಿನ್ ಅನ್ನುವ ವಿಷಾನಿಲ ಬರುತ್ತದೆ. ಕಣ್ಣು, ಗಂಟಲು ಉರಿಯುವುದೇ ಅದರ ಗುರುತು.