ಸಂಗೀತ ಪತ್ರಿಕೆ ಮಾಡುವ ಮಕ್ಕಳಿಗೆ: ಯಾವ ರೂಢಿ ಉಳಿಸಬೇಕು, ಯಾವುದನ್ನು ಮುರಿಯಬೇಕು

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. 18 ವರ್ಷದಿಂದ ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್, ಸಂಗೀತ ಕಛೇರಿಯ ಆಹ್ವಾನ ಪತ್ರಿಕೆ ಮಾಡಿಕೊಂಡು ಬಂದಿದ್ದೇನೆ. ಕಳೆದ ವರ್ಷ ಪತ್ರಿಕೋದ್ಯಮ ಓದುವ ನಾಲ್ವರು ಬಂದು, "ಅಕ್ಕಾ, 16 ಪುಟದ ಸಂಗೀತ ಪತ್ರಿಕೆ ಮಾಡ್ಬೇಕು" ಅಂದರು. ಕಾಲೇಜಿನ ಪ್ರಾಜೆಕ್ಟ್. ಸಂಗೀತ ಪತ್ರಿಕೆಗಳ ರೂಢಿಯಲ್ಲಿ ಯಾವುದನ್ನು ಪಾಲಿಸಿದಿರಿ, ಯಾವುದನ್ನು ಮುರಿದಿರಿ, ಯಾಕೆ ಅಂತ ವರದಿಯನ್ನೂ ಬರೆಯಬೇಕಿತ್ತು. ಆಗ ಕಲಿತದ್ದನ್ನು ಈ ವರ್ಷದ ಮಕ್ಕಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ಒಂದೇ ಬಗೆಯ ಸಂಗೀತ ಆರಿಸಿಕೊಳ್ಳಿ. ಇವರ ಪಟ್ಟಿಯಲ್ಲಿ ಮೆಟಲ್ ಬ್ಯಾಂಡ್, ಸಿನಿಮಾ ಹಾಡು, ಮಲೆನಾಡಿನ ದೀಪಾವಳಿ ಹಾಡಾದ ಅಂಟಿಗೆ ಪಂಟಿಗೆ ಎಲ್ಲವೂ ಇತ್ತು. ಕೊನೆಗೆ ಉಳಿದದ್ದು ನಮ್ಮದೇ ಜಿಲ್ಲೆಯ ರುದ್ರಪಟ್ಟಣದ ಕರ್ನಾಟಕ ಸಂಗೀತ. ಆ ಊರು ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದಲ್ಲಿದೆ. ಹೆಸರಾಂತ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ತಂಬೂರಿ ಆಕಾರದ ಸಪ್ತಸ್ವರ ಮಂದಿರ ಇರುವುದೂ ಅಲ್ಲೇ. ಪತ್ರಿಕೆಗೆ 'ತಂತಿ' ಅಂತ ಹೆಸರಿಟ್ಟರು.

ಆಮೇಲೆ ಮಾದರಿಗಳನ್ನು ಮೇಜಿನ ಮೇಲೆ ಹರಡಿ. ನಮ್ಮ ಮುಂದೆ ಎರಡು ರಾಶಿ ಇತ್ತು. ಒಂದು ರಾಕ್ ಪತ್ರಿಕೆಗಳದ್ದು. 1967ರ ನವೆಂಬರ್ 9ರ ರೋಲಿಂಗ್ ಸ್ಟೋನ್ ಮೊದಲ ಸಂಚಿಕೆಯ ಮುಖಪುಟದಲ್ಲೇ ಜಾನ್ ಲೆನನ್ ಮುಖವಿತ್ತು. 1981ರಲ್ಲಿ ಶುರುವಾದ ಕೆರಾಂಗ್‌ಗೆ ಆ ಹೆಸರು ಇಟ್ಟದ್ದೇ ಗಿಟಾರ್ ಸದ್ದಿನಿಂದ. ಅದರ ಹೆಸರಿನ ಅಕ್ಷರಗಳು ಒಡೆದ ಗಾಜಿನ ಹಾಗೆ ಕಾಣುತ್ತವೆ. ಇನ್ನೊಂದು ರಾಶಿ ಕಛೇರಿಯ ಆಹ್ವಾನ ಪತ್ರಿಕೆಗಳದ್ದು: ಕುಂಕುಮ ಬಣ್ಣ, ಬಳ್ಳಿಯ ಬಾರ್ಡರ್, ಮೂಲೆಯಲ್ಲಿ ವೀಣೆ, ದೀಪ. ಹೊಸಬರು ಎರಡರಲ್ಲಿ ಒಂದನ್ನು ಪೂರ್ತಿ ನಕಲು ಮಾಡುತ್ತಾರೆ. ಹಾಗೆ ಮಾಡಬೇಡಿ. ಪ್ರತಿಯೊಂದು ರೂಢಿಯನ್ನೂ ಎತ್ತಿಕೊಂಡು, ಇದು ಯಾರಿಗೆ ಅನುಕೂಲ ಅಂತ ಕೇಳಿ.

ಹೆಸರು ಪುಟದ ನೆತ್ತಿಯಲ್ಲಿ ದೊಡ್ಡದಾಗಿ ಇರಬೇಕು ಅನ್ನುವುದು ಉಳಿಸಬೇಕಾದ ರೂಢಿ. ಬಸ್ ಸ್ಟ್ಯಾಂಡ್ ಪೇಪರ್ ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ನೇತು ಹಾಕಿರುತ್ತಾರಲ್ವಾ, ಕಾಣುವುದು ಮೇಲಿನ ನಾಲ್ಕು ಬೆರಳಷ್ಟು ಜಾಗ ಮಾತ್ರ. ಆದರೆ ಕಲಾವಿದರ ತಲೆ ಹೆಸರನ್ನು ಸ್ವಲ್ಪ ಮುಚ್ಚುವ ರೂಢಿ ಇದೆ, ಅಲ್ಲಿ ಹುಷಾರು. ಇಂಗ್ಲಿಷ್‌ನಲ್ಲಿ ಒಂದು ಅಕ್ಷರದ ತುದಿ ಮರೆಯಾದರೂ ಓದಲು ಬರುತ್ತದೆ. ನಮ್ಮ ಗುಡಿಸು, ಏತ್ವ ಇರುವುದೇ ಅಕ್ಷರದ ತಲೆಯ ಮೇಲೆ. ಮೊದಲ ಪ್ರೂಫ್‌ನಲ್ಲಿ ತಂಬೂರಿಯ ತುದಿ 'ತಿ'ಯ ತಲೆಯನ್ನು ಮುಚ್ಚಿತ್ತು. ನಮ್ಮ ಅತ್ತೆ ಅದನ್ನು ನೋಡಿ, "ತಂತ ಅಂದ್ರೇನಮ್ಮಾ?" ಅಂದರು. ತಂಬೂರಿಯನ್ನು ಮೊದಲ 'ತ' ಮತ್ತು ಸೊನ್ನೆಯ ನಡುವೆ, ಅಕ್ಷರಗಳ ಹಿಂದಕ್ಕೆ ಸರಿಸಿದೆವು.

ಒಡೆದ ಅಕ್ಷರದ ಆಸೆಯನ್ನೂ ಬಿಟ್ಟೆವು. ಒಬ್ಬ ಹುಡುಗನಿಗೆ ಹೆಸರು ತುಂಡಾದ ತಂತಿಯ ಹಾಗೆ ಕಾಣಬೇಕಿತ್ತು. ಕನ್ನಡದಲ್ಲಿ ಒತ್ತು, ದೀರ್ಘ, ಸೊನ್ನೆ ಮೊದಲೇ ಬೇರೆ ಬೇರೆ ತುಂಡು. ಇನ್ನೂ ನಾಲ್ಕು ಚೂರು ಸೇರಿದರೆ ಅಚ್ಚಿನ ತಪ್ಪಿನ ಹಾಗೆ ಕಾಣುತ್ತದೆ. ಕ್ಯಾಪಿಟಲ್ ಅಕ್ಷರವೂ ನಮಗಿಲ್ಲ. ಗಟ್ಟಿ ದನಿ ಬೇಕಿದ್ದರೆ ಗಾತ್ರ ಮತ್ತು ದಪ್ಪದಿಂದಲೇ ತರಬೇಕು. ಶೀರ್ಷಿಕೆಗೆ ಬಾಲೂ ತಮ್ಮ ಅನ್ನುವ ಫಾಂಟ್ ಚೆನ್ನಾಗಿ ಕೂರುತ್ತದೆ, ಪುಕ್ಕಟೆಯಾಗಿಯೂ ಸಿಗುತ್ತದೆ.

ಮುಖಪುಟದ ಕಣ್ಣು. ನಾವು ಮುರಿದದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಸಂಗೀತ ಪತ್ರಿಕೆಯ ಕಲಾವಿದರು ಓದುಗರನ್ನು ನೆಟ್ಟಗೆ ನೋಡುತ್ತಾರೆ. ನೋಟ ಸಿಕ್ಕಿದರೆ ಕೈ ಪತ್ರಿಕೆಯ ಕಡೆ ಹೋಗುತ್ತದೆ, ಅದಕ್ಕೇ ಆ ರೂಢಿ. ಮಕ್ಕಳು ಹಿರಿಯ ಸಂಗೀತ ಶಿಕ್ಷಕಿಯೊಬ್ಬರ ಫೋಟೋ ತೆಗೆದಿದ್ದರು. ಕ್ಯಾಮೆರಾ ನೋಡಿದಾಗಲೆಲ್ಲ ಅವರ ಮುಖ ಬಿಗಿಯುತ್ತಿತ್ತು. ಹಾಡಲು ಶುರು ಮಾಡಿದ ಕೂಡಲೇ ಕಣ್ಣು ಮುಚ್ಚಿಕೊಂಡರು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಆ ಫೋಟೋವನ್ನೇ ಹಾಕಿಸಿದೆ. ಆದರೆ ನೋಟದ ಕೆಲಸವನ್ನು ಬೇರೆ ಏನಾದರೂ ಮಾಡಲೇಬೇಕು. ಅದಕ್ಕೆ ಆ ಕೈಯನ್ನು ದೊಡ್ಡದಾಗಿ ಮುಂದಕ್ಕೆ ತಂದೆವು. ಓದುಗರ ಕಣ್ಣು ಮುಖದಿಂದ ಕೈಗೆ ಇಳಿಯುತ್ತದೆ. ಕೈಯ ಪಕ್ಕದಲ್ಲೇ ಸಂದರ್ಶನದ ಸಾಲು.

ಬಣ್ಣ ಮೂರೇ ಸಾಕು ಅನ್ನುವ ರಾಕ್ ಪತ್ರಿಕೆಗಳ ಶಿಸ್ತನ್ನು ಉಳಿಸಿಕೊಂಡೆವು. ಕಪ್ಪು, ಬಿಳಿ, ಮತ್ತು ಆ ಶಿಕ್ಷಕಿಯ ಸೀರೆಯಿಂದಲೇ ತೆಗೆದ ಹಸಿರು. ಬಾರ್ಡರ್, ದೀಪ ಎಲ್ಲವನ್ನೂ ಕೈಬಿಟ್ಟೆವು.

ಒಳಪುಟದಲ್ಲಿ ಎಡವುವುದು ಜಾಸ್ತಿ. ಇಂಗ್ಲಿಷ್ ಪತ್ರಿಕೆ ನೋಡಿ ಎ4 ಪುಟಕ್ಕೆ ಮೂರು ಕಾಲಂ ಹಾಕಬೇಡಿ. 'ಹಾಡಿಕೊಳ್ಳುತ್ತಿದ್ದರಂತೆ' ಅನ್ನುವಂಥ ಒಂದೇ ಪದ ಅರ್ಧ ಸಾಲು ತಿನ್ನುತ್ತದೆ. ಎರಡೂ ಅಂಚು ಸಮ ಮಾಡಿದರೆ ನಡುವೆ ಹಲ್ಲು ಉದುರಿದ ಹಾಗೆ ಜಾಗ ಬೀಳುತ್ತದೆ. ಎರಡು ಕಾಲಂ ಮಾಡಿ, ಎಡಕ್ಕೆ ಮಾತ್ರ ಸಾಲು ಹಿಡಿಸಿ. 11 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಸಾಲಿನ ಅಂತರ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೊಬೈಲಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಬರಹ ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಕೂರುವುದಿಲ್ಲ. ಇನ್‌ಡಿಸೈನ್ ಆದರೆ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಿಕೊಳ್ಳಿ, ಒತ್ತಕ್ಷರ ಸರಿಯಾಗಿ ಬರುತ್ತದೆ.

ಚಂದಕ್ಕೆ ಅಂತ ಸುಳ್ಳು ಬಾರ್‌ಕೋಡ್ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಬಾರ್‌ಕೋಡ್ ಇರುವುದು ಅಂಗಡಿಯ ಲೆಕ್ಕಕ್ಕೆ. ಕಾಲೇಜಿನಲ್ಲಿ ಕೈಯಿಂದ ಕೈಗೆ ಹಂಚುವ ಪತ್ರಿಕೆಗೆ ಅದು ಯಾಕೆ? ಅದೇ ಜಾಗದಲ್ಲಿ ಎರಡು ಸೆಂಟಿಮೀಟರ್ ಅಗಲದ ಕ್ಯುಆರ್ ಕೋಡ್ ಹಾಕಿ, ಫೋನ್ ಹಿಡಿದರೆ ಶಿಕ್ಷಕಿಯ ಹಾಡು ಕೇಳುವ ಹಾಗೆ ಮಾಡಿದೆವು. ಅವರ ಒಪ್ಪಿಗೆ ಪಡೆದೇ ಹಾಕಿದೆವು, ನೀವೂ ಕೇಳಿಯೇ ಹಾಕಿ.

ಇನ್ನು ಅಚ್ಚು. ಸೆಂಟರ್ ಪಿನ್ ಹೊಡೆಯುವ ಪತ್ರಿಕೆಯ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು. 16 ಪುಟ ಅಂದರೆ ನಾಲ್ಕು ಎ3 ಹಾಳೆ. ಎರಡು ಪುಟಕ್ಕೆ ಹರಡುವ ಫೋಟೋ ಇದ್ದರೆ 8 ಮತ್ತು 9ನೇ ಪುಟಕ್ಕೇ ಹಾಕಿ. ಅವೆರಡೂ ಒಂದೇ ಹಾಳೆಯ ಒಂದೇ ಮುಖದಲ್ಲಿ ಬರುತ್ತವೆ, ಫೋಟೋ ಕೂಡುವ ಕಡೆ ಜಾರುವುದಿಲ್ಲ. ಫೋಟೋ 300 ಡಿಪಿಐ ಇರಲಿ, ಕಟಿಂಗ್‌ಗೆ ಪುಟದ ಅಂಚಿನಾಚೆ ಸುತ್ತಲೂ 3 ಮಿಲಿಮೀಟರ್ ಹೆಚ್ಚಿಗೆ ಬಿಡಿ.

ವರದಿಯನ್ನು ಅಚ್ಚಾದ ಮೇಲೆ ಬರೆಯಲು ಕೂರಬೇಡಿ. ಪ್ರೂಫ್ ಹಾಳೆಯ ಅಂಚಿನಲ್ಲೇ, ತೀರ್ಮಾನ ಮಾಡಿದ ದಿನವೇ ಕಾರಣವನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಆ ನಾಲ್ವರು 'ತಂತ' ಅಂತ ಓದಿಸಿದ ಮೊದಲ ಪ್ರೂಫನ್ನೇ ವರದಿಗೆ ಲಗತ್ತಿಸಿ ಕೊಟ್ಟರು.